ಸೆಷನ್, ಪ್ರೋಸೆಸ್ ಗ್ರೂಪ್, ಟರ್ಮಿನಲ್ ಲಾಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯ ಕಡೆ ಲಿನಕ್ಸ್ ಮೇಲೆ ಕೆಲಸ ಮಾಡುವವರು ತಿರುಗಾಮುರುಗಾ ಕೇಳುವ ಪ್ರಶ್ನೆಗಳಿವು. ಕಾಲೇಜು ಲ್ಯಾಬಿನವರು, ಸಣ್ಣ ಸಾಫ್ಟ್‌ವೇರ್ ಆಫೀಸಿನವರು, ಕಬ್ಬಿನ ತೂಕದ ಮನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಎಲ್ಲರೂ ಇದ್ದಾರೆ. ತೊಂದರೆ ಬೇರೆಬೇರೆ ಥರ ಕಂಡರೂ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಈ ಟರ್ಮಿನಲ್ ಈಗ ಯಾರ ಕೈಯಲ್ಲಿದೆ? ಕಮಾಂಡುಗಳ ಹೆಸರನ್ನು ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಿ.

ಸೆಷನ್ ಬೇರೆ, ಪ್ರೋಸೆಸ್ ಗ್ರೂಪ್ ಬೇರೆಯೇ?

ಬೇರೆ. ನೀವು ಲಾಗಿನ್ ಆದಾಗ ಶುರುವಾಗುವ ಶೆಲ್ (ಕಮಾಂಡು ತೆಗೆದುಕೊಂಡು ಓಡಿಸುವ ಪ್ರೋಗ್ರಾಂ) ಒಂದು ಸೆಷನ್ನಿನ ಲೀಡರ್. ಅದರ ಪಿಐಡಿಯೇ (ಪ್ರೋಸೆಸ್ ನಂಬರ್) ಸೆಷನ್ ನಂಬರ್, ಅಂದರೆ ಎಸ್‌ಐಡಿ. ಆ ಶೆಲ್ಲಿನಲ್ಲಿ ಪೈಪ್ ಹಾಕಿ ಎರಡು ಮೂರು ಕಮಾಂಡು ಕೊಟ್ಟರೆ ಅವೆಲ್ಲ ಸೇರಿ ಒಂದು ಪ್ರೋಸೆಸ್ ಗ್ರೂಪ್. ಪೈಪಿನ ಮೊದಲ ಕಮಾಂಡಿನ ಪಿಐಡಿ ಆ ಗ್ರೂಪಿನ ನಂಬರ್ ಆಗುತ್ತದೆ. ಒಂದು ಸೆಷನ್ನಿನಲ್ಲಿ ಗ್ರೂಪುಗಳು ಎಷ್ಟು ಬೇಕಾದರೂ ಇರಬಹುದು, ಆದರೆ ಕಂಟ್ರೋಲಿಂಗ್ ಟರ್ಮಿನಲ್ ಹೆಚ್ಚೆಂದರೆ ಒಂದು. ಆ ಟರ್ಮಿನಲ್ಲಿನ ಮುಂದೆ ಒಂದು ಹೊತ್ತಿಗೆ ಕೂರುವುದು ಒಂದೇ ಗ್ರೂಪ್. ಅದನ್ನೇ ಫೋರ್‌ಗ್ರೌಂಡ್ ಗ್ರೂಪ್ ಅನ್ನುವುದು.

ಕಂಟ್ರೋಲ್-ಸಿ ಒತ್ತಿದಾಗ ಸಿಗ್‌ಇಂಟ್ ಹೋಗುವುದು ಒಂದು ಪ್ರೋಸೆಸ್‌ಗಲ್ಲ, ಫೋರ್‌ಗ್ರೌಂಡ್ ಗ್ರೂಪಿಗೆ, ಇಡೀ ಗ್ರೂಪಿಗೆ. ಕಳಿಸುವುದು ಶೆಲ್ ಅಲ್ಲ, ಕರ್ನಲ್ಲಿನ ಲೈನ್ ಡಿಸಿಪ್ಲಿನ್, ಅಂದರೆ ಟರ್ಮಿನಲ್ಲಿಗೆ ಬಂದ ಅಕ್ಷರಗಳನ್ನು ನೋಡಿಕೊಳ್ಳುವ ಪದರ. ಕಂಟ್ರೋಲ್-ಝಡ್‌ಗೆ ಸಿಗ್‌ಟಿಎಸ್‌ಟಿಪಿ ಹೋಗುವುದೂ ಹೀಗೇ.

ಟರ್ಮಿನಲ್ ಯಾರ ಕೈಯಲ್ಲಿದೆ ಅಂತ ನೋಡುವುದು ಹೇಗೆ?

ಇನ್ನೊಂದು ಟರ್ಮಿನಲ್ ತೆರೆದು ಇದನ್ನು ಕೊಡಿ:

ಪಿಎಸ್ -ಇಓ ಪಿಐಡಿ,ಪಿಪಿಐಡಿ,ಪಿಜಿಐಡಿ,ಎಸ್‌ಐಡಿ,ಟಿಪಿಜಿಐಡಿ,ಟಿಟಿವೈ,ಸ್ಟ್ಯಾಟ್,ಸಿಎಂಡಿ

ನಿಮ್ಮ ಶೆಲ್ ಬ್ಯಾಷ್, ಅದರ ಪಿಐಡಿ 4210 ಅಂದುಕೊಳ್ಳಿ. ಅದರ ಪಿಜಿಐಡಿ (ಗ್ರೂಪ್ ನಂಬರ್) 4210, ಎಸ್‌ಐಡಿ 4210, ಸ್ಟ್ಯಾಟ್ ಕಾಲಮ್ಮಿನಲ್ಲಿ ದೊಡ್ಡ ಎಸ್ ಪಕ್ಕ ಸಣ್ಣ ಎಸ್. ಸಣ್ಣ ಎಸ್ ಅಂದರೆ ಸೆಷನ್ ಲೀಡರ್. ಅದರ ಕೆಳಗೆ ಓಡುತ್ತಿರುವ ಪೈಪಿನ ಎರಡು ಪ್ರೋಸೆಸ್‌ಗಳು 4377 ಮತ್ತು 4378, ಎರಡಕ್ಕೂ ಪಿಜಿಐಡಿ 4377, ಸ್ಟ್ಯಾಟ್‌ನಲ್ಲಿ ಪ್ಲಸ್ ಗುರುತು, ಅಂದರೆ ಫೋರ್‌ಗ್ರೌಂಡ್. ಮೂರೂ ಸಾಲಿನಲ್ಲಿ ಟಿಪಿಜಿಐಡಿ (ಫೋರ್‌ಗ್ರೌಂಡ್ ಗ್ರೂಪಿನ ನಂಬರ್) 4377 ಅಂತಲೇ ಇರುತ್ತದೆ, ಯಾಕೆಂದರೆ ಅದು ಪ್ರೋಸೆಸ್ಸಿನ ಗುಣವಲ್ಲ, ಟರ್ಮಿನಲ್ಲಿನದು. ಟಿಪಿಜಿಐಡಿ -1 ಇದ್ದರೆ ಆ ಪ್ರೋಸೆಸ್‌ಗೆ ಕಂಟ್ರೋಲಿಂಗ್ ಟರ್ಮಿನಲ್ಲೇ ಇಲ್ಲ. ಸ್ಟ್ಯಾಟ್‌ನಲ್ಲಿ ದೊಡ್ಡ ಟಿ ಕಂಡರೆ ನಿಲ್ಲಿಸಿ ಕೂರಿಸಿದ ಪ್ರೋಸೆಸ್.

ಪಿಎಸ್ ಇಲ್ಲದ ಸಣ್ಣ ಬೋರ್ಡುಗಳಲ್ಲಿ ಪ್ರಾಕ್ ಫೈಲ್‌ಸಿಸ್ಟಮ್‌ನ ಆಯಾ ಪಿಐಡಿಯ ಸ್ಟ್ಯಾಟ್ ಫೈಲ್ ನೋಡಿ. 5ನೇ ಸಂಖ್ಯೆ ಗ್ರೂಪ್, 6ನೇದು ಸೆಷನ್, 7ನೇದು ಟರ್ಮಿನಲ್, 8ನೇದು ಟಿಪಿಜಿಐಡಿ. ಟರ್ಮಿನಲ್ ಸಂಖ್ಯೆ 34819 ಅಂತ ಬಂದರೆ ಗಾಬರಿ ಬೇಡ. 256ರಿಂದ ಭಾಗಿಸಿದರೆ 136, ಉಳಿದದ್ದು 3. ಮೇಜರ್ (ಡಿವೈಸ್ ಜಾತಿಯ ನಂಬರ್) 136 ಅಂದರೆ ಸ್ಯೂಡೋ ಟರ್ಮಿನಲ್, ತಂತಿಯಿಲ್ಲದ ಸಾಫ್ಟ್‌ವೇರ್ ಟರ್ಮಿನಲ್, ಹಾಗಾಗಿ ಇದು ಪಿಟಿಎಸ್ 3. ಒಂದು ಎಚ್ಚರ: 2ನೇ ಸಂಖ್ಯೆಯ ಜಾಗದಲ್ಲಿ ಬ್ರಾಕೆಟ್ಟಿನೊಳಗೆ ಕಮಾಂಡಿನ ಹೆಸರಿರುತ್ತದೆ. ಆ ಹೆಸರಿನಲ್ಲಿ ಸ್ಪೇಸ್ ಇದ್ದರೆ ಎಣಿಕೆ ತಪ್ಪುತ್ತದೆ. ಕೊನೆಯ ಬ್ರಾಕೆಟ್ ಆದ ಮೇಲಿನಿಂದ ಎಣಿಸಿ.

ಎಸ್‌ಎಸ್‌ಎಚ್ ಕಡಿದುಹೋದರೆ ಓಡುತ್ತಿದ್ದ ಪ್ರೋಗ್ರಾಂ ಯಾಕೆ ಸಾಯುತ್ತದೆ?

ಬೆಂಗಳೂರಿನ ಸರ್ವರಿಗೆ ರೈಲಿನಲ್ಲಿ ಕೂತು ಲಾಗಿನ್ ಆಗಿದ್ದೀರಿ, ಮದ್ದೂರು ದಾಟುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಪ್ರೋಗ್ರಾಂ ಆ ಕ್ಷಣಕ್ಕೇನೂ ಸಾಯುವುದಿಲ್ಲ, ಏಕೆಂದರೆ ಆ ಕಡೆಯ ಎಸ್‌ಎಸ್‌ಎಚ್ ಸರ್ವರಿಗೆ ನೀವು ಹೋದದ್ದೇ ಗೊತ್ತಿಲ್ಲ. ಟಿಸಿಪಿ ಕೈಚೆಲ್ಲಿದಾಗ, ಇಲ್ಲವೇ ಕ್ಲೈಂಟ್ ಅಲೈವ್ (ನೀವು ಇನ್ನೂ ಇದ್ದೀರಾ ಅಂತ ಸರ್ವರ್ ವಿಚಾರಿಸುವ) ಅವಧಿ ಮೀರಿದಾಗ, ಸರ್ವರ್ ಸ್ಯೂಡೋ ಟರ್ಮಿನಲ್ಲಿನ ಮಾಸ್ಟರ್ ತುದಿಯನ್ನು ಮುಚ್ಚುತ್ತದೆ. ಆಗ ಕರ್ನಲ್ ಶೆಲ್ ಕೂತಿರುವ ಈಚೆ ತುದಿಯನ್ನು ಹ್ಯಾಂಗಪ್ ಮಾಡುತ್ತದೆ: ಸೆಷನ್ ಲೀಡರಿಗೆ, ಅಂದರೆ ನಿಮ್ಮ ಬ್ಯಾಷ್‌ಗೆ, ಸಿಗ್‌ಹಪ್ (ಲೈನ್ ಕಡಿಯಿತು) ಮತ್ತು ಸಿಗ್‌ಕಾಂಟ್ (ಮುಂದುವರಿ) ಸಿಗ್ನಲ್‌ಗಳು ಹೋಗುತ್ತವೆ, ಸೆಷನ್ನಿನ ಎಲ್ಲ ಪ್ರೋಸೆಸ್‌ಗಳ ಕೈಯಿಂದಲೂ ಟರ್ಮಿನಲ್ ಕಿತ್ತುಕೊಳ್ಳಲಾಗುತ್ತದೆ. ಬ್ಯಾಷ್ ತಾನು ಸಾಯುವ ಮುಂಚೆ ತನ್ನ ಜಾಬುಗಳಿಗೆಲ್ಲ ಸಿಗ್‌ಹಪ್ ಹಂಚುತ್ತದೆ. ಅವಕ್ಕೆ ಬೇರೆ ಏರ್ಪಾಡು ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು.

ಸಿಗ್‌ಹಪ್ ತಡೆದುಕೊಂಡ ಪ್ರೋಗ್ರಾಮೂ ಆಮೇಲೆ ಸಾಯುವುದುಂಟು. ಹ್ಯಾಂಗಪ್ ಆದ ಟರ್ಮಿನಲ್ಲಿನಿಂದ ಓದಿದರೆ ಸೊನ್ನೆ ಬೈಟ್ ಬರುತ್ತದೆ, ಬರೆದರೆ ಇಐಒ ಎರರ್. ಪ್ರಿಂಟ್ ವಿಫಲವಾದರೆ ನಿಲ್ಲಿಸು ಅಂತ ಬರೆದ ಪ್ರೋಗ್ರಾಂ ಮೊದಲ ಲಾಗ್ ಸಾಲಿಗೇ ಬೀಳುತ್ತದೆ. ಹಾಗಾಗಿ ಸಿಗ್ನಲ್ ತಡೆದರಷ್ಟೇ ಸಾಲದು, ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಲೇಬೇಕು.

ಇನ್ನೊಂದು: ಎಕ್ಸಿಟ್ ಅಂತ ಟೈಪ್ ಮಾಡಿ ಹೊರಬಂದರೆ ಬ್ಯಾಷ್ ಜಾಬುಗಳಿಗೆ ಸಿಗ್‌ಹಪ್ ಕಳಿಸುವುದಿಲ್ಲ, ಹಪ್‌ಆನ್‌ಎಕ್ಸಿಟ್ ಆಯ್ಕೆ ಹಾಕಿದ್ದರೆ ಮಾತ್ರ ಕಳಿಸುತ್ತದೆ. ಲ್ಯಾಬಿನಲ್ಲಿ ಎಕ್ಸಿಟ್ ಕೊಟ್ಟು ಪರೀಕ್ಷೆ ಮಾಡಿ ಸರಿ ಇದೆ ಅಂದುಕೊಂಡದ್ದು ಲೈನ್ ಕಡಿದ ದಿನ ಕೈಕೊಡುವುದು ಇದಕ್ಕೇ.

ನೋಹಪ್, ಡಿಸ್‌ಓನ್, ಸೆಟ್‌ಎಸ್‌ಐಡಿ, ಟೀಮಕ್ಸ್: ಯಾವುದು ಬಳಸಲಿ?

ನೋಹಪ್ ಮಾಡುವುದು ಇಷ್ಟೇ: ಸಿಗ್‌ಹಪ್ ಕಡೆಗಣಿಸು ಅಂತ ಹೇಳಿ, ಔಟ್‌ಪುಟ್ ಟರ್ಮಿನಲ್ಲಿಗಿದ್ದರೆ ನೋಹಪ್.ಔಟ್ ಫೈಲಿಗೆ ತಿರುಗಿಸಿ, ಪ್ರೋಗ್ರಾಂ ಓಡಿಸುತ್ತದೆ. ಸೆಷನ್ ಅದೇ ಇರುತ್ತದೆ. ಡಿಸ್‌ಓನ್ ಬ್ಯಾಷ್‌ನ ಪಟ್ಟಿಯಿಂದ ಜಾಬನ್ನು ತೆಗೆಯುತ್ತದೆ, ಔಟ್‌ಪುಟ್ ಮುಟ್ಟುವುದಿಲ್ಲ. ಸೆಟ್‌ಎಸ್‌ಐಡಿ ಹೊಸ ಸೆಷನ್ನಿನಲ್ಲಿ ಓಡಿಸುತ್ತದೆ, ಟರ್ಮಿನಲ್ ನಂಟು ಪೂರ್ತಿ ಕಡಿಯುತ್ತದೆ. ಟೀಮಕ್ಸ್ ತನ್ನದೇ ಸ್ಯೂಡೋ ಟರ್ಮಿನಲ್ ಇಟ್ಟುಕೊಳ್ಳುವುದರಿಂದ ನಿಮ್ಮ ಲೈನ್ ಹೋದರೂ ಒಳಗಿನ ಸೆಷನ್ನಿಗೆ ಸುಳಿವೂ ಹತ್ತುವುದಿಲ್ಲ.

ನಮ್ಮ ಅಭಿಪ್ರಾಯ: ಕೂತು ನೋಡಬೇಕಾದ ಕೆಲಸಕ್ಕೆ ಟೀಮಕ್ಸ್, ದಿನಾ ಓಡಬೇಕಾದದ್ದಕ್ಕೆ ಸಿಸ್ಟಮ್‌ಡಿ (ಲಿನಕ್ಸಿನ ಸರ್ವಿಸುಗಳನ್ನು ಶುರುಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಸರ್ವಿಸ್. ನೋಹಪ್ ಅವಸರದ ಮದ್ದು, ಅದನ್ನೇ ಊಟ ಮಾಡಿಕೊಳ್ಳಬೇಡಿ.

ನೋಹಪ್ ಹಾಕಿಯೂ ಲಾಗೌಟ್ ಆದ ಕೂಡಲೇ ಸತ್ತಿತು. ಯಾಕೆ?

ಕೊಂದದ್ದು ಕರ್ನಲ್ ಅಲ್ಲ, ಸಿಸ್ಟಮ್‌ಡಿ ಲಾಗಿನ್‌ಡಿ. ಅದರ ಸೆಷನ್ನೇ ಬೇರೆ. ಅದು ಎಸ್‌ಐಡಿ ನೋಡುವುದಿಲ್ಲ, ಸಿಗ್ರೂಪ್ (ಕರ್ನಲ್ ಪ್ರೋಸೆಸ್‌ಗಳನ್ನು ಕಟ್ಟಿಡುವ ಇನ್ನೊಂದು ಬಗೆಯ ಗುಂಪು) ನೋಡುತ್ತದೆ. ಕಿಲ್‌ಯೂಸರ್‌ಪ್ರೋಸೆಸಸ್ ಸೆಟ್ಟಿಂಗ್ ಯೆಸ್ ಇದ್ದರೆ ಲಾಗೌಟ್ ಹೊತ್ತಿಗೆ ಆ ಸಿಗ್ರೂಪಿನಲ್ಲಿ ಇರುವುದನ್ನೆಲ್ಲ ಗುಡಿಸಿಹಾಕುತ್ತದೆ. ಸೆಟ್‌ಎಸ್‌ಐಡಿ, ಟೀಮಕ್ಸ್ ಕೂಡ ಉಳಿಯುವುದಿಲ್ಲ. 2016ರಲ್ಲಿ ಬಂದ ಸಿಸ್ಟಮ್‌ಡಿ 230ರಿಂದ ಮೂಲದಲ್ಲಿ ಇದು ಯೆಸ್. ಹಲವು ಡಿಸ್ಟ್ರಿಬ್ಯೂಷನ್‌ಗಳು ನೋ ಮಾಡಿ ಕೊಡುತ್ತವೆ, ಅದಕ್ಕೇ ಒಂದು ಮಷೀನಿನಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯುವುದಿಲ್ಲ. ಪರಿಹಾರ: ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್ ಅಂತ ಒಮ್ಮೆ ಕೊಟ್ಟು, ಕೆಲಸವನ್ನು ಸಿಸ್ಟಮ್‌ಡಿ-ರನ್ ಮೂಲಕ ಯೂಸರ್ ಸ್ಕೋಪಿನಲ್ಲಿ ಓಡಿಸಿ.

ನನ್ನ ಸಿ ಪ್ರೋಗ್ರಾಮಿನಲ್ಲಿ ಸೆಟ್‌ಎಸ್‌ಐಡಿ ಕರೆದರೆ ಇಪರ್ಮ್ ಎರರ್ ಬರುತ್ತಿದೆ.

ನಿಮ್ಮ ಪ್ರೋಗ್ರಾಂ ಈಗಾಗಲೇ ಗ್ರೂಪ್ ಲೀಡರ್. ಶೆಲ್ಲಿನಿಂದ ನೇರ ಓಡಿಸಿದ್ದೆಲ್ಲ ಹಾಗೇ. ಗ್ರೂಪ್ ಲೀಡರಿಗೆ ಹೊಸ ಸೆಷನ್ ಕೊಟ್ಟರೆ ಒಂದೇ ಗ್ರೂಪಿನ ಸದಸ್ಯರು ಎರಡು ಸೆಷನ್ನಿನಲ್ಲಿ ಬೀಳುತ್ತಾರೆ, ಅದಕ್ಕೆ ಕರ್ನಲ್ ಒಪ್ಪುವುದಿಲ್ಲ. ಫೋರ್ಕ್ ಮಾಡಿ (ಪ್ರೋಸೆಸ್ಸಿನ ನಕಲು ಹುಟ್ಟಿಸಿ), ಪೇರೆಂಟ್ ಹೊರಹೋಗಲಿ, ಚೈಲ್ಡ್ ಸೆಟ್‌ಎಸ್‌ಐಡಿ ಕರೆಯಲಿ.

ಡೀಮನ್‌ಗೆ (ಹಿನ್ನೆಲೆಯಲ್ಲಿ ಓಡುತ್ತಿರುವ ಪ್ರೋಗ್ರಾಂ) ಎರಡು ಸಲ ಫೋರ್ಕ್ ಮಾಡು ಅನ್ನುತ್ತಾರಲ್ಲ, ಎರಡನೆಯದು ಯಾತಕ್ಕೆ?

ಲಿನಕ್ಸಿನಲ್ಲಿ ಟರ್ಮಿನಲ್ ಇಲ್ಲದ ಸೆಷನ್ ಲೀಡರ್ ಯಾವುದಾದರೂ ಟಿಟಿವೈ (ಟರ್ಮಿನಲ್ ಡಿವೈಸ್) ಫೈಲನ್ನು ಓದಲು ಸುಮ್ಮನೆ ತೆರೆದರೂ ಸಾಕು, ಅದೇ ಅದರ ಕಂಟ್ರೋಲಿಂಗ್ ಟರ್ಮಿನಲ್ ಆಗಿಬಿಡುತ್ತದೆ. ಎರಡನೇ ಫೋರ್ಕಿನ ನಂತರ ಉಳಿಯುವ ಪ್ರೋಸೆಸ್ ಲೀಡರ್ ಅಲ್ಲ, ಆದ್ದರಿಂದ ಆ ಅಪಾಯವಿಲ್ಲ. ಓಪನ್ ಮಾಡುವಾಗ ಓ-ನೋಸಿಟಿಟಿವೈ ಫ್ಲ್ಯಾಗ್ ಕೊಟ್ಟರೂ ಅದೇ ಫಲ. ಬಿಎಸ್‌ಡಿಗಳಲ್ಲಿ ತೆರೆದ ಮಾತ್ರಕ್ಕೆ ಟರ್ಮಿನಲ್ ಅಂಟುವುದಿಲ್ಲ, ಟಿಐಒಸಿಎಸ್‌ಸಿಟಿಟಿವೈ ಐಆಕ್ಟಲ್ (ಡಿವೈಸಿಗೆ ಅಪ್ಪಣೆ ಕೊಡುವ ಕರ್ನಲ್ ಕರೆ) ಕೊಡಬೇಕು. ಸಿಸ್ಟಮ್‌ಡಿ ಕೆಳಗೆ ಓಡಿಸುವವರಿಗೆ ಈ ಕಸರತ್ತು ಬೇಡವೇ ಬೇಡ.

ಬ್ಯಾಕ್‌ಗ್ರೌಂಡಿಗೆ ಹಾಕಿದ ಪ್ರೋಗ್ರಾಂ "ಸ್ಟಾಪ್ಡ್, ಟಿಟಿವೈ ಇನ್‌ಪುಟ್" ಅಂತ ನಿಂತುಬಿಡುತ್ತದೆ.

ಫೋರ್‌ಗ್ರೌಂಡ್ ಅಲ್ಲದ ಗ್ರೂಪ್ ಟರ್ಮಿನಲ್ಲಿನಿಂದ ಓದಲು ಹೋದರೆ ಕರ್ನಲ್ ಸಿಗ್‌ಟಿಟಿಐಎನ್ ಕಳಿಸಿ ನಿಲ್ಲಿಸುತ್ತದೆ. ಪಾಸ್‌ವರ್ಡ್ ಕೇಳುವ ಕಮಾಂಡು, ಹೌದೋ ಅಲ್ಲವೋ ಅಂತ ಕೇಳುವ ಸ್ಕ್ರಿಪ್ಟು ಇಲ್ಲಿ ಮಾಮೂಲಿ ಗಿರಾಕಿಗಳು. ಇನ್‌ಪುಟ್ ಬೇಡದ್ದಕ್ಕೆ ಡೆವ್ ನಲ್‌ನಿಂದ ಓದುವಂತೆ ಕೊಡಿ. ಬರೆಯುವುದಕ್ಕೆ ಮಾತ್ರ ಸಾಮಾನ್ಯವಾಗಿ ಅಡ್ಡಿಯಿಲ್ಲ, ಎಸ್‌ಟಿಟಿವೈ ಟೋಸ್ಟಾಪ್ ಹಾಕಿದ್ದರಷ್ಟೇ ಸಿಗ್‌ಟಿಟಿಒಯು ಬರುತ್ತದೆ. ಆದರೆ ಟರ್ಮಿನಲ್ಲಿನ ಸೆಟ್ಟಿಂಗ್ ಬದಲಿಸಲು ಹೋದರೆ ಟೋಸ್ಟಾಪ್ ಇರಲಿ ಬಿಡಲಿ ಸಿಗ್‌ಟಿಟಿಒಯು ಖಂಡಿತ. ಸ್ವಂತ ಶೆಲ್ ಬರೆಯುವ ಲ್ಯಾಬ್ ಹುಡುಗರು ಬೀಳುವ ಗುಂಡಿ ಇದೇ: ಜಾಬ್ ಮುಗಿದ ಮೇಲೆ ಟರ್ಮಿನಲ್ಲನ್ನು ವಾಪಸ್ ತೆಗೆದುಕೊಳ್ಳಲು ಟಿಸಿಸೆಟ್‌ಪಿಜಿಆರ್‌ಪಿ ಕರೆಯುವ ಹೊತ್ತಿಗೆ ಶೆಲ್ಲೇ ಬ್ಯಾಕ್‌ಗ್ರೌಂಡಿನಲ್ಲಿರುತ್ತದೆ, ತಾನೇ ನಿಂತುಬಿಡುತ್ತದೆ. ಶೆಲ್ ಶುರುವಾಗುವಾಗಲೇ ಸಿಗ್‌ಟಿಟಿಒಯು ಇಗ್ನೋರ್ ಮಾಡಿ. ಚೈಲ್ಡ್‌ನಲ್ಲಿ ಎಕ್ಸೆಕ್ (ಹೊಸ ಪ್ರೋಗ್ರಾಂ ತುಂಬುವ ಕರೆ) ಮುಂಚೆ ಅದನ್ನು ಮತ್ತೆ ಡೀಫಾಲ್ಟ್‌ಗೆ ತನ್ನಿ.

ಅದೇ ಶೆಲ್ಲಿನಲ್ಲಿ ಗ್ರೂಪ್ ಗೊತ್ತುಮಾಡುವ ಸೆಟ್‌ಪಿಜಿಐಡಿಯನ್ನು ಪೇರೆಂಟೂ ಚೈಲ್ಡೂ ಇಬ್ಬರೂ ಕರೆಯಬೇಕು. ಯಾರು ಮೊದಲು ಓಡುತ್ತಾರೋ ಗೊತ್ತಿಲ್ಲ. ಚೈಲ್ಡ್ ಎಕ್ಸೆಕ್ ಆದ ಮೇಲೆ ಪೇರೆಂಟ್ ಕರೆದರೆ ಇಆಕ್ಸೆಸ್ ಬರುತ್ತದೆ, ಅದನ್ನು ಕಡೆಗಣಿಸಿ.

ಟರ್ಮಿನಲ್ ಲಾಕ್ ಆಯಿತು, ಏನು ಒತ್ತಿದರೂ ಕಾಣುತ್ತಿಲ್ಲ.

ಮೊದಲು ಕಂಟ್ರೋಲ್-ಕ್ಯೂ. ಸೇವ್ ಮಾಡುವ ಅಭ್ಯಾಸದಲ್ಲಿ ಕಂಟ್ರೋಲ್-ಎಸ್ ಒತ್ತಿದ್ದರೆ ಔಟ್‌ಪುಟ್ ನಿಂತಿರುತ್ತದೆ, ಅಷ್ಟೇ. ಈ ಕಾಟ ಬೇಡವಾದರೆ ಬ್ಯಾಷ್ ಆರ್‌ಸಿಯಲ್ಲಿ ಎಸ್‌ಟಿಟಿವೈ -ಐಕ್ಸಾನ್ ಹಾಕಿ. ಟೈಪ್ ಮಾಡಿದ್ದು ಕಾಣದಿದ್ದರೂ ಕಮಾಂಡು ಓಡುತ್ತಿದ್ದರೆ ಎಕೋ ಆಫ್ ಆಗಿದೆ: ಕಂಟ್ರೋಲ್-ಜೆ, ಎಸ್‌ಟಿಟಿವೈ ಸೇನ್, ಮತ್ತೆ ಕಂಟ್ರೋಲ್-ಜೆ. ಎಂಟರ್ ಬದಲು ಕಂಟ್ರೋಲ್-ಜೆ ಯಾಕೆಂದರೆ, ಎಂಟರ್ ಅನ್ನು ಹೊಸ ಸಾಲಾಗಿ ಬದಲಿಸುವ ಸೆಟ್ಟಿಂಗೂ ಕೆಟ್ಟಿರಬಹುದು.

ಸೀರಿಯಲ್ ಪೋರ್ಟ್ ಬಳಸುವ ಪ್ರೋಗ್ರಾಂ ಮುಗಿಯುವಾಗ ಅರ್ಧ ನಿಮಿಷ ಅಲ್ಲಾಡದೆ ಕೂತರೆ ಅದು ಲಾಕ್ ಅಲ್ಲ. ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇದ್ದು ಆ ಕಡೆಯಿಂದ ಸಿಟಿಎಸ್ (ಕಳಿಸಬಹುದು ಅನ್ನುವ ಸೂಚನೆ) ಬರದಿದ್ದರೆ, ಉಳಿದ ಬೈಟುಗಳು ಹೋಗಲಿ ಅಂತ ಕ್ಲೋಸ್ ಕಾಯುತ್ತದೆ. ಕ್ಲೋಸಿಂಗ್ ವೇಟ್ ಡೀಫಾಲ್ಟ್ 30 ಸೆಕೆಂಡ್. ಮೂರೇ ತಂತಿಯ ಕೇಬಲ್ ಆದರೆ ಫ್ಲೋ ಕಂಟ್ರೋಲ್ ಆಫ್ ಮಾಡಿ.

ತೂಕದ ಮನೆಯ ಕಂಪ್ಯೂಟರಿನಲ್ಲಿ ತೂಕದ ಅಂಕಿ ಅರ್ಧಂಬರ್ಧ ಬರುತ್ತಿದೆ.

ಕಬ್ಬಿನ ಸೀಸನ್ನಿನಲ್ಲಿ ಮಂಡ್ಯ ಕಡೆಯಿಂದ ಹೆಚ್ಚು ಕೇಳುವ ಪ್ರಶ್ನೆ. ತೂಕ ತೋರಿಸುವ ಇಂಡಿಕೇಟರ್‌ನಿಂದ ಬರುವ ಸೀರಿಯಲ್ ಕೇಬಲನ್ನು ಎರಡು ಪ್ರೋಗ್ರಾಂ ಒಟ್ಟಿಗೆ ತೆರೆದಿರುತ್ತವೆ: ಒಂದು ಬಿಲ್ ಹಾಕುವುದು, ಇನ್ನೊಂದು ಹಿಂದೆ ಯಾರೋ ಟೆಸ್ಟಿಗೆ ಹಾಕಿ ಬಿಟ್ಟದ್ದು. ಟಿಟಿವೈನಲ್ಲಿ ಬಂದ ಬೈಟ್ ಒಬ್ಬರಿಗೇ ಸಿಗುತ್ತದೆ, ಪ್ರತಿ ಹಂಚುವುದಿಲ್ಲ. 18460 ಕಿಲೋ ಅನ್ನುವುದರಲ್ಲಿ 184 ಒಂದಕ್ಕೆ, 60 ಇನ್ನೊಂದಕ್ಕೆ ಹೋಗುತ್ತದೆ. ರೈತರ ಟ್ರ್ಯಾಕ್ಟರ್ ಪ್ಲಾಟ್‌ಫಾರ್ಮ್ ಮೇಲೆ ನಿಂತಿರುವಾಗ ಇದು ತಮಾಷೆಯ ಮಾತಲ್ಲ.

ಎಫ್‌ಯೂಸರ್ -ವಿ ಕೊಟ್ಟು ಆ ಪೋರ್ಟನ್ನು ಯಾರು ಯಾರು ತೆರೆದಿದ್ದಾರೆ ನೋಡಿ. ಯುಎಸ್‌ಬಿ ಕನ್ವರ್ಟರ್ ಆದರೆ ಮೋಡೆಮ್‌ಮ್ಯಾನೇಜರ್ ಸರ್ವಿಸ್ ಮೇಲೂ ಕಣ್ಣಿಡಿ. ಮೋಡೆಮ್ ಇರಬಹುದೇನೋ ಅಂತ ಅದು ಪೋರ್ಟನ್ನು ಕೆಣಕಿ ನೋಡುತ್ತದೆ. ಅಲ್ಲಿ ಅದರ ಅಗತ್ಯವಿಲ್ಲ, ತೆಗೆದುಹಾಕಿ.

ಇನ್ನು ಲಾಕ್ ಮಾಡುವ ದಾರಿಗಳು. ಟಿಐಒಸಿಎಕ್ಸ್‌ಸಿಎಲ್ ಐಆಕ್ಟಲ್ ಕೊಟ್ಟರೆ ಆಮೇಲೆ ತೆರೆಯಲು ಬಂದವರಿಗೆ ಕರ್ನಲ್ ಇಬಿಝಿ ಎರರ್ ಕೊಡುತ್ತದೆ. ಎರಡು ಕೊರತೆ ಇದೆ: ಮುಂಚೆಯೇ ತೆರೆದವರನ್ನು ಹೊರಗೆ ಹಾಕುವುದಿಲ್ಲ, ರೂಟ್ ಆಗಿ ಓಡುವವರನ್ನು ತಡೆಯುವುದಿಲ್ಲ. ರೂಟ್‌ನ ಕ್ರಾನ್‌ನಿಂದ ಓಡುವ ಲಾಗರ್ ಸಲೀಸಾಗಿ ಒಳಬರುತ್ತದೆ. ತೂಕದ ಪ್ರೋಗ್ರಾಮನ್ನೂ ಲಾಗರನ್ನೂ ಡಯಲ್‌ಔಟ್ ಗ್ರೂಪಿನ ಸಾಮಾನ್ಯ ಯೂಸರ್ ಆಗಿಯೇ ಓಡಿಸಿ.

ಹಳೆಯ ಪದ್ಧತಿ ಲಾಕ್ ಫೈಲ್. ವಾರ್ ಲಾಕ್ ಫೋಲ್ಡರಿನಲ್ಲಿ ಎಲ್‌ಸಿಕೆ, ಎರಡು ಚುಕ್ಕಿ, ಡಿವೈಸ್ ಹೆಸರು; ಒಳಗೆ ಹತ್ತು ಅಕ್ಷರದ ಅಗಲದಲ್ಲಿ ಪಿಐಡಿ, ಕೊನೆಗೆ ಹೊಸ ಸಾಲು. ಮಿನಿಕಾಮ್ ಇದನ್ನು ಗೌರವಿಸುತ್ತದೆ, ಕ್ಯಾಟ್ ಕಮಾಂಡ್ ಗೌರವಿಸುವುದಿಲ್ಲ. ಕರೆಂಟ್ ಹೋಗಿ ಮಷೀನ್ ಆಫ್ ಆದರೆ ಹಳೆಯ ಫೈಲ್ ಉಳಿದಿರಬಹುದು, ಅದರಲ್ಲಿರುವ ಪಿಐಡಿ ಜೀವಂತವಾಗಿದೆಯೇ ಅಂತ ಕಿಲ್ -0 ಕೊಟ್ಟು ನೋಡಿಯೇ ಅಳಿಸಿ. ಫ್ಲಾಕ್ (ಕರ್ನಲ್ ಕೊಡುವ ಫೈಲ್ ಲಾಕ್) ಬಳಸಿದರೆ ಈ ಪಾಡಿಲ್ಲ, ಪ್ರೋಸೆಸ್ ಸತ್ತರೆ ಲಾಕೂ ಹೋಗುತ್ತದೆ. ಅದೂ ಒಪ್ಪಂದದ ಲಾಕೇ, ಎಲ್ಲರೂ ಕೇಳಿದರೆ ಮಾತ್ರ ಕೆಲಸ. ನಾವು ಹೇಳುವುದು ಎರಡನ್ನೂ ಸೇರಿಸಿ: ಮೊದಲು ಫ್ಲಾಕ್, ಅದು ಸಿಕ್ಕರೆ ಟಿಐಒಸಿಎಕ್ಸ್‌ಸಿಎಲ್.

ಕೇಬಲ್ ಕಿತ್ತರೆ ತೂಕದ ಪ್ರೋಗ್ರಾಂ ಮಾತಿಲ್ಲದೆ ಮಾಯವಾಗುತ್ತದೆ. ಯಾವ ಎರರೂ ಲಾಗ್‌ನಲ್ಲಿಲ್ಲ.

ಪ್ರೋಗ್ರಾಂ ಸೆಷನ್ ಲೀಡರ್ ಆಗಿದ್ದು, ಪೋರ್ಟನ್ನು ಓ-ನೋಸಿಟಿಟಿವೈ ಇಲ್ಲದೆ ತೆರೆದಿದೆ. ಸೀರಿಯಲ್ ಪೋರ್ಟೇ ಅದರ ಕಂಟ್ರೋಲಿಂಗ್ ಟರ್ಮಿನಲ್. ಯುಎಸ್‌ಬಿ ಕಿತ್ತರೆ ಹ್ಯಾಂಗಪ್, ಹ್ಯಾಂಗಪ್ ಆದರೆ ಸಿಗ್‌ಹಪ್. ಆ ಫ್ಲ್ಯಾಗ್ ಹಾಕಿ, ಟರ್ಮಿಯೋಸ್‌ನಲ್ಲಿ (ಟರ್ಮಿನಲ್ ಸೆಟ್ಟಿಂಗುಗಳು) ಸಿಲೋಕಲ್ (ಮೋಡೆಮ್ ಲೈನುಗಳನ್ನು ಲೆಕ್ಕಿಸಬೇಡ) ಕೂಡ ಹಾಕಿ. ಹಳೆಯ ಫೈಲ್ ಡಿಸ್ಕ್ರಿಪ್ಟರ್ ಮುಚ್ಚದೆ ಇದ್ದರೆ ಮತ್ತೆ ಚುಚ್ಚಿದಾಗ ಪೋರ್ಟ್ 0 ಹೋಗಿ 1 ಆಗುತ್ತದೆ. ಡೆವ್ ಸೀರಿಯಲ್ ಬೈ-ಐಡಿ ಕೆಳಗಿನ ಹೆಸರಿನಿಂದ ತೆರೆಯಿರಿ.

"ನೋ ಜಾಬ್ ಕಂಟ್ರೋಲ್ ಇನ್ ದಿಸ್ ಶೆಲ್" ಅಂತ ಬರುತ್ತದೆ, ಕಂಟ್ರೋಲ್-ಸಿ ಕೆಲಸ ಮಾಡುವುದಿಲ್ಲ.

ಬೋರ್ಡಿನ ಇನಿಟ್ (ಬೂಟ್ ಆದಾಗ ಓಡುವ ಮೊದಲ ಪ್ರೋಸೆಸ್) ಶೆಲ್ಲನ್ನು ಡೆವ್ ಕನ್ಸೋಲ್ ಮೇಲೆ ನೇರ ಓಡಿಸಿದೆ. ಕನ್ಸೋಲ್ ಮತ್ತು ಟಿಟಿವೈ0 ತೆರೆದರೆ ಕಂಟ್ರೋಲಿಂಗ್ ಟರ್ಮಿನಲ್ ಆಗದಂತೆ ಕರ್ನಲ್ಲೇ ತಡೆದಿದೆ. ನಿಜವಾದ ಪೋರ್ಟ್ ಹೆಸರು ಕೊಟ್ಟು ಸೆಟ್‌ಎಸ್‌ಐಡಿ -ಸಿ ಮೂಲಕ ಶೆಲ್ ಓಡಿಸಿ. ಬಿಝಿಬಾಕ್ಸ್ ಇದ್ದರೆ ಸಿಟಿಟಿವೈಹ್ಯಾಕ್ ಇದೆ. ಕಂಟೈನರಿನಲ್ಲಿ ಬಂದರೆ -ಟಿ ಕೊಡುವುದು ಮರೆತಿದ್ದೀರಿ.

ಕರ್ನಲ್ ಒಳಗೆ ಈ ಒಡೆತನದ ಲೆಕ್ಕ ಎಲ್ಲಿದೆ, ಯಾವ ಲಾಕ್ ಕಾಯುತ್ತದೆ?

ಎರಡು ಕಡೆ ಇದೆ, ತೊಡಕೆಲ್ಲ ಅದರಿಂದಲೇ. ಪ್ರೋಸೆಸ್ ಕಡೆ ಸಿಗ್ನಲ್ ಸ್ಟ್ರಕ್ಟ್‌ನಲ್ಲಿ ನನ್ನ ಟಿಟಿವೈ ಯಾವುದು ಅನ್ನುವ ಪಾಯಿಂಟರ್, ಅದನ್ನು ಕಾಯುವುದು ಸಿಗ್‌ಲಾಕ್. ಟಿಟಿವೈ ಕಡೆ ನನ್ನ ಸೆಷನ್ ಯಾವುದು, ಫೋರ್‌ಗ್ರೌಂಡ್ ಗ್ರೂಪ್ ಯಾವುದು ಅನ್ನುವ ಎರಡು ಪಾಯಿಂಟರ್, ಅವನ್ನು ಕಾಯುವುದು ಆ ಟಿಟಿವೈಯ ಕಂಟ್ರೋಲ್ ಲಾಕ್. ತೆರೆಯುವುದು, ಮುಚ್ಚುವುದು, ಹ್ಯಾಂಗಪ್ ಇವಕ್ಕೆ ಪ್ರತಿ ಟಿಟಿವೈಗೊಂದು ಮ್ಯೂಟೆಕ್ಸ್ (ಒಂದು ಹೊತ್ತಿಗೆ ಒಬ್ಬರನ್ನೇ ಬಿಡುವ ಲಾಕ್), ಎಲ್ಲಕ್ಕೂ ಸೇರಿ ಜಾಗತಿಕ ಟಿಟಿವೈ ಮ್ಯೂಟೆಕ್ಸ್ ಒಂದು. ಲೈನ್ ಡಿಸಿಪ್ಲಿನ್ ಬದಲಾವಣೆಗೆ, ಟರ್ಮಿಯೋಸ್‌ಗೆ ಬೇರೆ ಸೆಮಫೋರ್‌ಗಳಿವೆ.

ಹಿಡಿಯುವ ಕ್ರಮ: ಟಿಟಿವೈ ಮ್ಯೂಟೆಕ್ಸ್, ಟಾಸ್ಕ್‌ಲಿಸ್ಟ್ ಲಾಕ್, ಸಿಗ್‌ಲಾಕ್, ಎಲ್ಲಕ್ಕಿಂತ ಒಳಗೆ ಕಂಟ್ರೋಲ್ ಲಾಕ್. ಕೊನೆಯ ಎರಡು ಸ್ಪಿನ್‌ಲಾಕ್ (ಮಲಗದೆ ಸುತ್ತುತ್ತಲೇ ಕಾಯುವ ಲಾಕ್), ಅವು ಕೈಯಲ್ಲಿರುವಾಗ ನಿದ್ರೆಗೆ ಹೋಗುವ ಯಾವುದನ್ನೂ ಕರೆಯುವ ಹಾಗಿಲ್ಲ. ಕೋಡ್ ಓದುವವರು ಡ್ರೈವರ್ಸ್ ಟಿಟಿವೈ ಫೋಲ್ಡರಿನ ಟಿಟಿವೈ ಜಾಬ್‌ಸಿಟಿಆರ್‌ಎಲ್ ಫೈಲಿನಿಂದ ಶುರುಮಾಡಿ, ಚಿಕ್ಕದಾಗಿದೆ. ಒಂದು ಕಾಲಕ್ಕೆ ಇದನ್ನೆಲ್ಲ ಬಿಗ್ ಕರ್ನಲ್ ಲಾಕ್ ಕಾಯುತ್ತಿತ್ತು. 2011ರ 2.6.39ರಲ್ಲಿ ಅದು ಕರ್ನಲ್ಲಿನಿಂದ ಪೂರ್ತಿ ಹೋಯಿತು.

ತಪ್ಪು ಲಾಕ್ ಹಿಡಿದರೆ ಏನು ಮಹಾ ಆಗುತ್ತದೆ?

2020ರ ಡಿಸೆಂಬರಿನಲ್ಲಿ ಪ್ರಕಟವಾದ ಸಿವಿಇ-2020-29661 (ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯ ನಂಬರ್) ನೋಡಿ. ಗೂಗಲ್‌ನ ಭದ್ರತಾ ಸಂಶೋಧಕರ ತಂಡ ಪ್ರಾಜೆಕ್ಟ್ ಝೀರೋದ ಯಾನ್ ಹಾರ್ನ್ ಕಂಡುಹಿಡಿದದ್ದು. ಫೋರ್‌ಗ್ರೌಂಡ್ ಗ್ರೂಪ್ ಬದಲಿಸುವ ಐಆಕ್ಟಲ್ ಒಳಗೆ ಎರಡು ವೇರಿಯೇಬಲ್ ಇವೆ: ಕರೆ ಬಂದ ಟಿಟಿವೈ, ಮತ್ತು ನಿಜವಾದ ಟಿಟಿವೈ. ಸಾಮಾನ್ಯವಾಗಿ ಎರಡೂ ಒಂದೇ. ಸ್ಯೂಡೋ ಟರ್ಮಿನಲ್ಲಿನ ಮಾಸ್ಟರ್ ತುದಿಯಿಂದ ಕರೆದರೆ ಮಾತ್ರ ಮೊದಲನೆಯದು ಮಾಸ್ಟರ್, ಎರಡನೆಯದು ಈಚೆ ತುದಿ. ಕೋಡು ಮೊದಲನೆಯದರ ಲಾಕ್ ಹಿಡಿದು ಎರಡನೆಯದರ ಗ್ರೂಪ್ ಪಾಯಿಂಟರ್ ಬದಲಿಸುತ್ತಿತ್ತು.

ಒಬ್ಬ ಮಾಸ್ಟರ್ ಕಡೆಯಿಂದ, ಇನ್ನೊಬ್ಬ ಈಚೆ ಕಡೆಯಿಂದ ಒಂದೇ ಹೊತ್ತಿಗೆ ಕರೆದರೆ ಇಬ್ಬರ ಕೈಯಲ್ಲೂ ಲಾಕ್ ಇದೆ, ಆದರೆ ಬೇರೆಬೇರೆ ಲಾಕ್. ಇಬ್ಬರೂ ಹಳೆಯ ಗ್ರೂಪಿನ ಪಿಐಡಿ ಸ್ಟ್ರಕ್ಟಿನ ರೆಫರೆನ್ಸ್ ಎಣಿಕೆಯನ್ನು (ಎಷ್ಟು ಮಂದಿ ಬಳಸುತ್ತಿದ್ದಾರೆ ಅನ್ನುವ ಲೆಕ್ಕ) ಒಂದೊಂದು ಇಳಿಸುತ್ತಾರೆ. ಇಳಿಯಬೇಕಾದದ್ದು ಒಂದು, ಇಳಿದದ್ದು ಎರಡು. ಇದನ್ನೇ ಮಾಡುತ್ತ ಹೋದರೆ ಇನ್ನೂ ಬಳಕೆಯಲ್ಲಿರುವ ಮೆಮೊರಿ ಬಿಡುಗಡೆಯಾಗುತ್ತದೆ, ಅಲ್ಲಿಂದ ರೂಟ್ ಅಧಿಕಾರದವರೆಗೆ ದಾರಿ. ತಿದ್ದುಪಡಿ ಅಂದರೆ ಲಾಕ್ ಹಿಡಿಯುವ, ಬಿಡುವ ಸಾಲುಗಳಲ್ಲಿ ವೇರಿಯೇಬಲ್ ಹೆಸರು ಬದಲಿಸಿದ್ದು. ಜೊತೆಗೇ ಬಂದ 29660 ಸೆಷನ್ ಪಾಯಿಂಟರಿನದು.

5.9.13ರವರೆಗಿನ ಮೂಲ ಕರ್ನಲ್‌ಗಳಲ್ಲಿ ಇವೆರಡೂ ಇದ್ದವು. ಡಿಸ್ಟ್ರಿಬ್ಯೂಷನ್‌ಗಳು ಹಳೆಯ ನಂಬರಿನಲ್ಲೇ ಪ್ಯಾಚ್ ಹಾಕುವುದರಿಂದ ಕರ್ನಲ್ ನಂಬರ್ ಹೇಳುವ ಯೂನೇಮ್ ನೋಡಿ ತೀರ್ಮಾನಿಸಬೇಡಿ, ಪ್ಯಾಕೇಜಿನ ಚೇಂಜ್‌ಲಾಗ್‌ನಲ್ಲಿ ಸಿವಿಇ ನಂಬರ್ ಹುಡುಕಿ. ಲ್ಯಾಬಿನ ಮೂಲೆಯಲ್ಲಿ ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಮಷೀನಿಗೆ ಎಲ್ಲ ವಿದ್ಯಾರ್ಥಿಗಳಿಗೂ ಲಾಗಿನ್ ಕೊಟ್ಟಿದ್ದರೆ ಇವತ್ತೇ ನೋಡಿ.

ಸುಡೋ ಅಥವಾ ಎಸ್‌ಯು ಮೂಲಕ ಬೇರೆ ಯೂಸರ್ ಆಗಿ ಓಡಿಸಿದ ಪ್ರೋಗ್ರಾಂ ನನ್ನ ಶೆಲ್ಲಿಗೆ ಟೈಪ್ ಮಾಡಬಲ್ಲದೇ?

ಒಂದೇ ಟರ್ಮಿನಲ್ ಹಂಚಿಕೊಂಡಿದ್ದರೆ ಮಾಡಬಲ್ಲದು. ಟಿಐಒಸಿಎಸ್‌ಟಿಐ ಐಆಕ್ಟಲ್ ಟರ್ಮಿನಲ್ಲಿನ ಇನ್‌ಪುಟ್ಟಿಗೆ ಅಕ್ಷರ ತುರುಕುತ್ತದೆ, ಪ್ರೋಗ್ರಾಂ ಮುಗಿದ ಮೇಲೆ ಅದನ್ನು ಓದುವುದು ನಿಮ್ಮ ಶೆಲ್. ರೂಟ್ ಆಗಿದ್ದವರು ಕಡಿಮೆ ಅಧಿಕಾರದ ಯೂಸರ್ ಆಗಿ ಇಳಿದು ಏನನ್ನಾದರೂ ಓಡಿಸುವಾಗ ಇದು ನಿಜವಾದ ಅಪಾಯ. ಹೊಸ ಸ್ಯೂಡೋ ಟರ್ಮಿನಲ್ಲಿನಲ್ಲಿ ಓಡಿಸಿ, ಎಸ್‌ಯು ಆದರೆ -ಪಿ (ಇದು ಮಾತ್ರ ದೊಡ್ಡಕ್ಷರ). ಕರ್ನಲ್ 6.2ರಿಂದ ಡೆವ್.ಟಿಟಿವೈ.ಲೆಗಸಿ-ಟಿಐಒಸಿಎಸ್‌ಟಿಐ ಅನ್ನುವ ಕರ್ನಲ್ ಸೆಟ್ಟಿಂಗ್, ಅಂದರೆ ಸಿಸ್‌ಸಿಟಿಎಲ್ ಇದೆ (ನಡುವೆ ಹೈಫನ್ ಬದಲು ಅಂಡರ್‌ಸ್ಕೋರ್). ಸೊನ್ನೆ ಮಾಡಿದರೆ ಸಾಮಾನ್ಯ ಯೂಸರುಗಳಿಗೆ ಆ ಬಾಗಿಲು ಮುಚ್ಚುತ್ತದೆ.

ನಾನೇ ಟಿಟಿವೈ ಡ್ರೈವರ್ ತಿದ್ದುತ್ತಿದ್ದೇನೆ. ಲಾಕ್ ಸರಿ ಇದೆ ಅಂತ ಖಾತ್ರಿ ಹೇಗೆ?

ಕಾನ್ಫಿಗ್‌ನಲ್ಲಿ ಪ್ರೂವ್ ಲಾಕಿಂಗ್ (ಲಾಕ್ ಕ್ರಮ ಪರೀಕ್ಷಿಸುವ ಲಾಕ್‌ಡೆಪ್), ಕೆಎಸ್ಯಾನ್ (ಮೆಮೊರಿ ತಪ್ಪು ಹಿಡಿಯುವುದು), ಡಿಬಗ್ ಅಟಾಮಿಕ್ ಸ್ಲೀಪ್ ಮೂರನ್ನೂ ಹಾಕಿ ಕ್ಯೂಎಮು ವರ್ಚುವಲ್ ಮಷೀನಿನ ಒಳಗೆ ಬೂಟ್ ಮಾಡಿ, ವರ್ಚುವಲ್ ಸಿಪಿಯು ಕನಿಷ್ಠ 4 ಕೊಡಿ. ಒಂದೇ ಸಿಪಿಯು ಕೊಟ್ಟರೆ ಇಂಥ ಜಗಳಗಳು ಕಾಣುವುದೇ ಅಪರೂಪ. ಒಂದು ಲೂಪಿನಲ್ಲಿ ಪೋರ್ಟ್ ತೆರೆದು ಮುಚ್ಚುತ್ತಿರಿ, ಇನ್ನೊಂದರಲ್ಲಿ ಹ್ಯಾಂಗಪ್, ಮೂರನೆಯದರಲ್ಲಿ ಟಿಸಿಸೆಟ್‌ಪಿಜಿಆರ್‌ಪಿ. ಕ್ರಮ ತಪ್ಪಿದ್ದರೆ ಡೆಡ್‌ಲಾಕ್ ಆಗುವ ಮುಂಚೆಯೇ ಲಾಕ್‌ಡೆಪ್ ಡಿಮೆಸೆಗ್‌ನಲ್ಲಿ (ಕರ್ನಲ್ಲಿನ ಲಾಗ್) ಸರ್ಕ್ಯುಲರ್ ಡಿಪೆಂಡೆನ್ಸಿ ಅಂತ ಕೂಗುತ್ತದೆ. ಆದರೆ ಮೇಲೆ ಹೇಳಿದ 29661ರಂಥದ್ದನ್ನು ಲಾಕ್‌ಡೆಪ್ ಹಿಡಿಯುವುದಿಲ್ಲ: ಅಲ್ಲಿ ಕ್ರಮ ಸರಿಯಿತ್ತು, ಹಿಡಿದ ಲಾಕ್ ತಪ್ಪಾಗಿತ್ತು. ಅಂಥದ್ದಕ್ಕೆ ಪಾಯಿಂಟರ್ ಬದಲಿಸುವ ಜಾಗದಲ್ಲಿ ಲಾಕ್‌ಡೆಪ್ ಅಸರ್ಟ್ ಹೆಲ್ಡ್ ಅನ್ನುವ ಸಾಲನ್ನು, ಸರಿಯಾದ ಟಿಟಿವೈಯ ಲಾಕನ್ನೇ ಹೆಸರಿಸಿ, ಕೈಯಾರೆ ಬರೆಯಬೇಕು.